ಸಾಸಿವೆ ದಿಂಬು, ಎರಡು ಪಿನ್ನು, ಅರ್ಧ ಎಳೆದ ಪರದೆ: ಏರ್‌ಪೋರ್ಟ್ ತಪಾಸಣೆಯ ಒಂದು ಪ್ರಕರಣ

ಇದನ್ನ ಬರೀಲಾ ಬೇಡ್ವಾ ಅಂತ ತುಂಬಾ ದಿನ ಎಳೆದಾಡಿದೆ, ಕೊನೆಗೆ ದೊಡ್ಡಾಯಿ ಹತ್ರನೇ ಕೇಳಿದೆ. ಹಲಸಿನ ಹಪ್ಪಳ ಬಿಸಿಲಿಗೆ ಹಾಕ್ತಾ ಇದ್ಲು, ತಲೆ ಎತ್ತದೇ "ಎನ್ನ ಹೆಸ್ರು ಹಾಕಡ, ಊರು ಹೇಳಡ, ಶಿರಸಿ ಬದಿ ಹೇಳಿ ಬರೆ ಸಾಕು" ಅಂದ್ಲು. ಹಂಗಾಗಿ ಹೆಸರಿಲ್ಲ, ಯಾವ ಏರ್‌ಪೋರ್ಟು ಅಂತಾನೂ ಹೇಳಲ್ಲ. ನಮ್ಮ ಜಿಲ್ಲೆಗೆ ಸ್ವಂತದ್ದು ಅಂತ ಒಂದು ಇಲ್ವಲ್ಲ, ಅಂಕೋಲಾ ಹತ್ರ ಅಲಗೇರಿಯಲ್ಲಿ ನೌಕಾಪಡೆದರ ಜೊತೆ ನಮಗೂ ಆಗತ್ತೆ ಅಂತ ವರ್ಷಗಟ್ಟಲೆ ಕೇಳ್ತಾ ಇದೀವಿ, ಅಲ್ಲೀವರೆಗೆ ಶಿರಸಿಯೋರು ಹುಬ್ಬಳ್ಳಿಗೆ, ಕಾರವಾರದೋರು ಗೋವಾಕ್ಕೆ, ಭಟ್ಕಳ ಕಡೆಯೋರು ಮಂಗಳೂರಿಗೆ ಓಡಬೇಕು. ಈ ಮೂರು ದಿಕ್ಕಲ್ಲಿ ಒಂದು ಅಂತ ಇಟ್ಕೊಳ್ಳಿ.

ದೊಡ್ಡಾಯಿಗೆ 64 ವರ್ಷ. ನಾಲ್ಕು ವರ್ಷದ ಹಿಂದೆ ಎಡಗಡೆ ಸ್ತನದಲ್ಲಿ ಗಂಟು ಕಾಣಿಸ್ಕೊಂಡು ಆಪರೇಷನ್ ಆಯ್ತು, ಪೂರ್ತಿ ತೆಗೆದ್ರು, ಆಮೇಲೆ ಕೀಮೋ. ಈಗ ಆರಾಮಿದಾಳೆ. ಗೊತ್ತಿದ್ದಿದ್ದು ಮನೆ ಮಟ್ಟಿಗೆ ಅಷ್ಟೇ. ಕೇರಿಯಲ್ಲಿ "ಹೊಟ್ಟೆ ಆಪರೇಷನ್" ಅಂತ ಹೇಳಿಟ್ಟಿದ್ರು. ಮುಚ್ಚಿಡೋದು ಸರಿಯಾ ತಪ್ಪಾ ಅಂತ ನಾನು ಒಂದೆರಡು ಸಲ ಅವಳ ಹತ್ರ ವಾದ ಮಾಡಿ ಸುಮ್ನಾಗಿದೀನಿ, ಅದು ಅವಳ ಮೈ, ಯಾರಿಗೆ ಹೇಳ್ಬೇಕು ಅನ್ನೋದು ಅವಳಿಗೆ ಬಿಟ್ಟಿದ್ದು.

ಒಂದು ಬದಿ ಖಾಲಿ ಆದ್ರೆ ನೋಡೋಕಷ್ಟೇ ಬೇರೆ ಕಾಣೋದಲ್ಲ, ಭಾರ ಏರುಪೇರಾಗಿ ಹೆಗಲು ಬೆನ್ನು ನೋವು ಶುರುವಾಗತ್ತೆ, ಬ್ರಾ ಆ ಬದಿಗೆ ಮೇಲೆ ಜಗ್ಗತ್ತೆ. ಸಿಲಿಕಾನಿಂದು ಸಿಗತ್ತೆ, ಸಾವಿರಗಟ್ಟಲೆ ಕೊಟ್ಟು ತಂದಿದ್ದೂ ಆಯ್ತು, ಆದ್ರೆ ನಮ್ಮ ಕಡೆ ಬೇಸಿಗೆ ಸೆಖೆಗೆ ಅದರ ಕೆಳಗೆ ಬೆವರು ನಿಂತು ಮೈ ಕೆಂಪಾಗೋದು. ಅದಕ್ಕೆ ದೊಡ್ಡಾಯಿ ತಾನೇ ಒಂದು ಮಾಡ್ಕೊಂಡ್ಲು. ಮೆತ್ತಗಾದ ಹಳೇ ಪಂಚೆ ಬಟ್ಟೆ, ಒಳಗೆ ಹತ್ತಿ, ಭಾರಕ್ಕೆ ಅಂತ ಮೂರ್ನಾಲ್ಕು ಮುಷ್ಟಿ ಸಾಸಿವೆ. ಸಾಸಿವೆ ಯಾಕೆ ಅಂದ್ರೆ ಅದು ಗುಂಡಗಿರತ್ತೆ, ಚುಚ್ಚಲ್ಲ, ಮೈ ತಿರುಗಿದಂಗೆ ಅದೂ ಸರಿಯತ್ತೆ. ಮಗಳ ಬಾಣಂತನದಲ್ಲಿ ಕೂಸಿನ ತಲೆ ಗುಂಡಗಾಗ್ಲಿ ಅಂತ ಮಾಡಿದ್ದ ಸಾಸಿವೆ ದಿಂಬು ಅಟ್ಟದ ಮೇಲೆ ಇತ್ತಂತೆ, ಅದನ್ನೇ ಬಿಚ್ಚಿ ಸುರ್ಕೊಂಡಿದ್ದು. ಜಾರಬಾರದು ಅಂತ ಒಳಗಿಂದ ಎರಡು ಸೇಫ್ಟಿ ಪಿನ್ನು ಹಾಕೋಳು. ಈ ಎರಡು ಪಿನ್ನು ನೆನಪಿಟ್ಕೊಳ್ಳಿ.

ಆ ಕೂಸಿಗೆ ಈಗ ಉಪನಯನ, ದೆಹಲಿಯಲ್ಲಿ. ದೊಡ್ಡಪ್ಪ ಮೊದ್ಲೇ ಹೋಗಿದ್ರು, ಇವಳನ್ನ ಕರ್ಕೊಂಡು ಹೋಗೋ ಕೆಲಸ ನನ್ನ ಪಾಲಿಗೆ. ಅವಳಿಗೆ ಇದೇ ಮೊದಲನೇ ವಿಮಾನ. ಹಿಂದಿನ ರಾತ್ರಿ ಅವಳು ಚಿಂತೆ ಮಾಡಿದ್ದೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿದು, ಬಾಟ್ಲಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಟವೆಲ್ ಸುತ್ತಿ, ಅದರ ಮೇಲೆ ಮತ್ತೊಂದು ಕವರ್. ಕೊಬ್ಬರಿ ತಗೀಬೇಕು ಅಂತ ನಾನೇ ಹೇಳಿದ್ದೆ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತತ್ತೆ ಅಂತ ಒಣಕೊಬ್ಬರಿನ ಲಗೇಜಲ್ಲೂ ಬಿಡಲ್ಲ. ನನಗೆ ಕೊಬ್ಬರಿ ನೆನಪಾಯ್ತು, ಪಿನ್ನು ನೆನಪಾಗಲಿಲ್ಲ. ಆಸ್ಪತ್ರೆ ಫೈಲನ್ನೂ ಜೋಪಾನ ಅಂತ ದೊಡ್ಡ ಸೂಟ್‌ಕೇಸಲ್ಲಿ ಹಾಕಿ ಕೌಂಟರಲ್ಲಿ ಕೊಟ್ಟುಬಿಟ್ವಿ.

ಸೆಕ್ಯುರಿಟಿ ಲೈನು. ಗೊತ್ತಿದ್ದೋರಿಗೆ ಗೊತ್ತು, ಬಾಗಿಲು ಚೌಕಟ್ಟಿನ ಥರದ ಮೆಟಲ್ ಡಿಟೆಕ್ಟರ್ ದಾಟಿದ ಮೇಲೆ ಹೆಂಗಸರಿಗೆ ಪರದೆ ಹಾಕಿದ ಸಣ್ಣ ಗೂಡಿರತ್ತೆ, ಒಳಗೆ ಮಹಿಳಾ ಸಿಬ್ಬಂದಿ ಕೈಲಿ ಹಿಡಿಯೋ ಡಿಟೆಕ್ಟರಲ್ಲಿ ಮೈ ಮೇಲೆ ಆಡಿಸ್ತಾರೆ, ಅಗತ್ಯ ಬಿದ್ರೆ ಕೈಲಿ ಮುಟ್ಟಿ ನೋಡ್ತಾರೆ. ಒಬ್ಬರ ಹಿಂದೆ ಒಬ್ಬರು. ದೊಡ್ಡಾಯಿ ಒಳಗೆ, ನಾನು ಹೊರಗೆ. ನನ್ನ ಫೋನು ಟ್ರೇಯಲ್ಲಿ ಆ ಕಡೆಗೆ ಹೋಗ್ಬಿಟ್ಟಿದೆ.

ಪರದೆ ಪೂರ್ತಿ ಎಳೆದಿರಲಿಲ್ಲ. ಒಂದು ಮೊಳ ಜಾಗ ಹಂಗೇ ಬಿಟ್ಟಿತ್ತು, ಬಳೆ ಹಾಕಿದ ಅವಳ ಕೈ ಎರಡೂ ಅಗಲ ಚಾಚಿದ್ದು ನನಗೆ ಕಾಣ್ತಿತ್ತು. ಎಡ ಎದೆ ಹತ್ರ ಬಂದಾಗ ಮಷೀನು ಕಿಂಯ್ ಅಂತು. ಮತ್ತೆ ಆಡಿಸಿದ್ರು, ಮತ್ತೆ ಕಿಂಯ್. ಕೈ ಇಟ್ಟು ಒತ್ತಿ ನೋಡಿದ್ರೆ ಒಳಗೆ ಕಾಳು ಕಾಳು. "ಯೇ ಕ್ಯಾ ಹೈ?" ಅಂದ್ರು. ದೊಡ್ಡಾಯಿಗೆ ಹಿಂದಿ ಬರಲ್ಲ, ಟೀವಿ ರಾಮಾಯಣದಲ್ಲಿ ಕೇಳಿದಷ್ಟು ಬರತ್ತೆ, "ಪಿನ್ನು, ಪಿನ್ನು" ಅಂದ್ಲು. "ಅಂದರ್ ಕ್ಯಾ ರಖಾ ಹೈ? ದಿಖಾವೋ." ಇವಳು ಸುಮ್ನೆ ನಿಂತ್ಬಿಟ್ಲು, ಸೆರಗು ಗಟ್ಟಿ ಹಿಡ್ಕೊಂಡು. ಉತ್ತರ ಬರ್ದೇ ಇದ್ದಾಗ ಪ್ರಶ್ನೆ ಜೋರಾಯ್ತು, ಅದು ಸಹಜ ಅಲ್ವಾ, ಭಾಷೆ ಗೊತ್ತಿಲ್ಲದೋರಿಗೆ ಜೋರಾಗಿ ಹೇಳಿದ್ರೆ ತಿಳಿಯತ್ತೆ ಅಂತ ನಾವೆಲ್ಲ ಅಂದ್ಕೊಳ್ತೀವಿ. ಆಮೇಲೆ ಆಕೆ ಪರದೆ ಸರಿಸಿ ಸೀನಿಯರ್‌ನ ಕೂಗಿ ಕರೆದ್ರು, ಮೇಡಂ ಇಲ್ಲಿ ಬನ್ನಿ, ಒಬ್ರು ಲೇಡೀಸ್ ಎದೆಯೊಳಗೆ ಏನೋ ತುಂಬ್ಕೊಂಡಿದಾರೆ, ಅನ್ನೋ ಅರ್ಥದಲ್ಲಿ. ಇಡೀ ಲೈನಿಗೆ ಕೇಳ್ತು. ಗಂಡಸರ ಲೈನಲ್ಲಿ ನಮ್ಮ ಸೊಸೈಟಿಗೆ ಅಡಿಕೆ ತರೋ ಪರಿಚಯದ ಒಬ್ರು ಬೆಲ್ಟ್ ಬಿಚ್ತಾ ನಿಂತಿದ್ರು. ಈ ಕಡೆ ನೋಡಿದ್ರು, ತಟ್ ಅಂತ ಮುಖ ತಿರುಗಿಸಿದ್ರು. ಆ ಮುಖ ತಿರುಗಿಸಿದ್ದರಲ್ಲೇ ಅವರಿಗೆ ಕೇಳಿದೆ ಅಂತ ಗೊತ್ತಾಗೋಯ್ತು.

ನಾನು ಒಳಗೆ ನುಗ್ಗಿ "ಆಪರೇಷನ್ ಹುವಾ ಹೈ, ಕ್ಯಾನ್ಸರ್" ಅಂದೆ. ಅದನ್ನೂ ಜೋರಾಗೇ ಅಂದೆ ಅನ್ಸತ್ತೆ, ಗಾಬರಿ ನೋಡಿ. ಪೇಪರ್ ಕೇಳಿದ್ರು. ಫೈಲು ಸೂಟ್‌ಕೇಸಲ್ಲಿ, ಫೋಟೋ ಇರೋ ಫೋನು ಟ್ರೇಯಲ್ಲಿ, ಟ್ರೇ ತರೋಕೆ ನಾನು ದಾಟಬೇಕು, ನಾನು ದಾಟೋಕೆ ನನ್ನ ತಪಾಸಣೆ ಆಗ್ಬೇಕು.

ಅಷ್ಟೊತ್ತಿಗೆ ಸೀನಿಯರ್ ಬಂದ್ರು, ಐವತ್ತರ ಹತ್ರದ ಹೆಂಗಸು. ದೊಡ್ಡಾಯಿ ಮುಖ ನೋಡಿ ಏನೂ ಕೇಳ್ಲೇ ಇಲ್ಲ, ತೋಳು ಹಿಡ್ಕೊಂಡು ಬಾಗಿಲಿರೋ ಕೋಣೆಗೆ ಕರ್ಕೊಂಡು ಹೋದ್ರು, ನನ್ನನ್ನೂ ಕರೆದ್ರು. ಒಂದು ಕಡ್ಡಿ ತುದಿಗೆ ಬಿಳಿ ಪಟ್ಟಿ ಸಿಗ್ಸಿ ಅವಳ ಎರಡೂ ಅಂಗೈ, ರವಿಕೆ ಮೇಲ್ಭಾಗ, ಆಮೇಲೆ ಅವಳೇ ಹೊರಗೆ ತೆಗೆದುಕೊಟ್ಟ ಆ ಚೀಲ, ಇಷ್ಟನ್ನ ಒರೆಸಿ ಮಷೀನಿಗೆ ಹಾಕಿದ್ರು. ಸ್ಫೋಟಕದ ಕಣ ಇದ್ರೆ ಹಿಡಿಯೋ ಮಷೀನು, ಇಟಿಡಿ ಅಂತಾರೆ. ಹಸಿರು ಬಂತು. ಚೀಲ ಬಿಚ್ಚಲಿಲ್ಲ, ಎಕ್ಸ್‌ರೇಗೆ ಒಂದು ಸಲ ಹಾಕಿ ವಾಪಸ್ ಕೊಟ್ರು. ಕೋಣೆ ಒಳಗಿನ ಕೆಲಸ ಐದು ನಿಮಿಷಾನೂ ಆಗಿರಲಿಕ್ಕಿಲ್ಲ. ಹೊರಗೆ ಬಂದು ದೊಡ್ಡಾಯಿ "ಎಂತದೂ ಆಜಿಲ್ಲೆ, ನಡಿ" ಅಂದ್ಲು. ವಿಮಾನದಲ್ಲಿ ಕಿಟಕಿ ಸೀಟು ಕೊಟ್ಟಿದ್ರೂ ಹೊರಗೆ ನೋಡ್ಲಿಲ್ಲ.

ಇಷ್ಟು ನಡೆದಿದ್ದು. ಈಗ ಆ ಮೊದಲನೇ ಹುಡುಗಿ ಕಡೆಯಿಂದ ನೋಡಿ, ನೋಡದೇ ಇದ್ರೆ ಈ ಪ್ರಕರಣ ಬರೀ ಕಣ್ಣೀರಿನ ಕಥೆ ಆಗತ್ತೆ. ಅವಳ ಕೈಗೆ ಸಿಕ್ಕಿದ್ದು ಎದೆಗೆ ಕಟ್ಟಿದ ಚೀಲ, ಒಳಗೆ ಕಾಳಿನಂಥದ್ದು, ಅದರಲ್ಲಿ ಲೋಹ ಇದೆ ಅಂತ ಮಷೀನು ಕೂಗ್ತಿದೆ, ಎದುರಿಗಿರೋರು ಉತ್ತರ ಕೊಡ್ತಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಲ್ಲಿ ರಾಜೀವ್ ಗಾಂಧಿಯವರನ್ನ ಕೊಂದಿದ್ದು ಬಟ್ಟೆ ಒಳಗೆ ಸೊಂಟಕ್ಕೆ ಕಟ್ಕೊಂಡು ಬಂದ ಬಾಂಬು, ಕಟ್ಕೊಂಡು ಬಂದೋಳು ಒಬ್ಬ ಹೆಂಗಸು. 2004ರ ಆಗಸ್ಟಲ್ಲಿ ಮಾಸ್ಕೋದಿಂದ ಹೊರಟ ಎರಡು ವಿಮಾನಗಳನ್ನ ಒಂದೇ ರಾತ್ರಿ ಉಡಾಯಿಸಿದ್ದೂ ಇಬ್ಬರು ಹೆಂಗಸರೇ. ಇನ್ನು ಮೈಯೊಳಗೆ ಬಂಗಾರದ ಪೇಸ್ಟ್ ಇಟ್ಕೊಂಡು ಬರೋರ ಸುದ್ದಿ ಮಂಗಳೂರು ಪೇಪರಲ್ಲಿ ವಾರಕ್ಕೊಮ್ಮೆ ಓದಿ ಓದಿ ಸಾಕಾಗಿದೆ. ಹಂಗಾಗಿ ಅವಳು ಬಿಟ್ಟು ಕಳಿಸ್ಬೇಕಿತ್ತು ಅಂತ ನಾನು ಹೇಳಲ್ಲ. ಬಿಟ್ಟಿದ್ರೆ ಅದೇ ತಪ್ಪು.

ನಮ್ಮಲ್ಲಿ ಈ ತಪಾಸಣೆ ಬಿಗಿಯಾಗ್ತಾ ಬಂದಿದ್ದೂ ಪೆಟ್ಟು ತಿಂದು ತಿಂದೇ. 1976ರಲ್ಲಿ ಒಂದು ವಿಮಾನ ಅಪಹರಣ ಆದ್ಮೇಲೆ 1978ರಲ್ಲಿ ವಿಮಾನ ಭದ್ರತೆಗೆ ಅಂತ ಒಂದು ವಿಭಾಗ ಶುರುವಾಯ್ತು, ಅದೇ ಇವತ್ತಿನ ಬಿಸಿಎಎಸ್. 1985ರಲ್ಲಿ ಲಗೇಜಲ್ಲಿ ಇಟ್ಟ ಬಾಂಬಿಂದ ಏರ್ ಇಂಡಿಯಾದ ಕನಿಷ್ಕ ಸಮುದ್ರಕ್ಕೆ ಬಿದ್ದು 329 ಜನ ಸತ್ರು, ಆಮೇಲೆ 1987ರಲ್ಲಿ ಬಿಸಿಎಎಸ್ ಸ್ವತಂತ್ರ ಇಲಾಖೆ ಆಯ್ತು. 1999ರ ಡಿಸೆಂಬರಲ್ಲಿ ಕಠ್ಮಂಡುವಿಂದ ಹೊರಟ ಐಸಿ-814 ವಿಮಾನ ಅಪಹರಣ ಆಗಿ ಕಂದಹಾರಕ್ಕೆ ಹೋಗಿದ್ದಂತೂ ಎಲ್ಲರಿಗೂ ನೆನಪಿದೆ, ಅದಾದ್ಮೇಲೆ ಏರ್‌ಪೋರ್ಟುಗಳಿಗೆ ಕೇಂದ್ರದ ಪಡೆ ಬಂತು. ಕೈಗಾ ಅಣು ವಿದ್ಯುತ್ ಸ್ಥಾವರ ಒಂದು ಕಡೆ, ಸೀಬರ್ಡ್ ನೌಕಾನೆಲೆ ಒಂದು ಕಡೆ ಇಟ್ಕೊಂಡಿರೋ ಜಿಲ್ಲೆ ನಮ್ದು, ಗೇಟು, ಗುರುತಿನ ಚೀಟಿ, ಇಲ್ಲಿ ಫೋಟೋ ತೆಗೀಬೇಡಿ ಅನ್ನೋ ಬೋರ್ಡು ನಮಗೆ ಹೊಸತಲ್ಲ. ತಪಾಸಣೆ ಯಾಕೆ ಅಂತ ಕೇಳೋ ಪೈಕಿ ನಾವಲ್ಲ.

ಕೇಳಬೇಕಾಗಿದ್ದು ಬೇರೆ. ಕೋಣೆ ಇತ್ತು. ಕಡ್ಡಿ ಇತ್ತು, ಮಷೀನು ಇತ್ತು, ಅದನ್ನ ಉಪಯೋಗಿಸೋಕೆ ಗೊತ್ತಿರೋ ಹೆಂಗಸೂ ಇದ್ರು. ಸ್ಫೋಟಕ ಇದೆಯಾ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಆ ಕೋಣೆಯ ಐದು ನಿಮಿಷ. ಅದಕ್ಕಿಂತ ಮೊದಲು ಪರದೆ ಹತ್ರ ನಡೆದ ಕೂಗಾಟದಿಂದ ಯಾವ ವಿಮಾನಕ್ಕೂ ಒಂದು ಚೂರು ರಕ್ಷಣೆ ಸಿಗಲಿಲ್ಲ. ಭದ್ರತೆಗೂ ಖಾಸಗಿತನಕ್ಕೂ ತಕ್ಕಡಿ ತೂಗ್ಬೇಕು, ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ ಅಂತ ಎಲ್ಲರೂ ಹೇಳ್ತಾರಲ್ಲ, ಇಲ್ಲಿ ಹಂಗೆ ಆಗೇ ಇಲ್ಲ ಮಾರಾಯ್ರೆ. ಇಲ್ಲಿ ದೊಡ್ಡಾಯಿ ಕಳ್ಕೊಂಡಳು, ಆ ಕಡೆ ಯಾರಿಗೂ ಏನೂ ಸಿಗಲಿಲ್ಲ. ಎರಡನೇದಾಗಿ ಮಾಡಿದ್ದನ್ನ ಮೊದಲನೇದಾಗಿ ಮಾಡಿದ್ರೆ ಎರಡೂ ಉಳೀತಿತ್ತು.

ಕಾನೂನು ಇದನ್ನ ಬೇರೆ ಮಾತಲ್ಲಿ ಹೇಳತ್ತೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಡ್ತಲ್ಲ, ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸರ್ಕಾರ ಈ ಹಕ್ಕಿನ ಮೇಲೆ ಕೈ ಹಾಕ್ಬೇಕು ಅಂದ್ರೆ ಕಾನೂನಿನ ಬೆಂಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕೈ ಹಾಕಿದ್ದು ಉದ್ದೇಶದ ಅಳತೆ ಮೀರಿರಬಾರದು. ಮೊದಲೆರಡು ಇಲ್ಲಿ ಇದಾವೆ, ತಕರಾರಿಲ್ಲ. ಮೂರನೇದು ಅಂದ್ರೆ ನಮ್ಮ ಹಿರಿಯರು ಹೇಳೋ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ, ಅದನ್ನೇ ಕೋರ್ಟು ಬೇಡ ಅಂದಿದ್ದು. ಆದ್ರೆ ಆ ಅಳತೆ ನೋಡೋರು ದೆಹಲಿಯಲ್ಲಿಲ್ಲ, ಪರದೆ ಹಿಂದೆ ಡಿಟೆಕ್ಟರ್ ಹಿಡ್ಕೊಂಡು ನಿಂತಿರೋ ಆ ಹುಡುಗಿ, ಅವಳ ಹಿಂದೆ ಇನ್ನೂ ಎಷ್ಟೋ ಜನ, ಹತ್ತು ಸೆಕೆಂಡಲ್ಲಿ ನಿರ್ಧಾರ ಮಾಡ್ಬೇಕು.

ಕೃತಕ ಅಂಗ ಇರೋರ ವಿಷಯ ಗದ್ದಲ ಆಗಿ ಆಗಿ ಸ್ವಲ್ಪ ಸುಧಾರಿಸಿದೆ. ನೃತ್ಯಗಾರ್ತಿ ಸುಧಾ ಚಂದ್ರನ್ 2021ರ ಅಕ್ಟೋಬರಲ್ಲಿ ಪ್ರತಿ ಸಲ ಕೃತಕ ಕಾಲು ಬಿಚ್ಚಿಸ್ತಾರೆ ಅಂತ ವಿಡಿಯೋ ಹಾಕಿದ್ದು ದೊಡ್ಡ ಸುದ್ದಿ ಆಯ್ತು. ಅದೇ ವರ್ಷ ಡಿಸೆಂಬರಲ್ಲಿ, ಅಂಗವಿಕಲರ ಹಕ್ಕಿಗೆ ಹೋರಾಡೋ ಜೀಜಾ ಘೋಷ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾನವ ಘನತೆ ಉಳೀಬೇಕಾದ್ರೆ ಅಂಗವಿಕಲರಿಗೆ ಕೃತಕ ಅಂಗ ಬಿಚ್ಚಿ ಅಂತ ಹೇಳಬಾರದು ಅಂತು. ಒಳ್ಳೇದೇ. ಆದ್ರೆ ಕಾಲು ಅಂದ್ರೆ ಎದುರಿಗಿರೋರಿಗೆ ನೋಡಿದ ತಕ್ಷಣ ತಿಳಿಯತ್ತೆ. ಕೃತಕ ಸ್ತನ ಯಾರಿಗೂ ಕಾಣಬಾರದು ಅಂತಲೇ ಹಾಕ್ಕೊಳ್ಳೋದು. ಕಾಲಿನ ವಿಷಯದಲ್ಲಿ ಬಿಚ್ಚಿಸೋದು ತಪ್ಪು, ಇದರಲ್ಲಿ ಹೆಸರೆತ್ತಿ ಕೇಳೋದೇ ತಪ್ಪಾಗ್ಬಿಡತ್ತೆ. ನಮ್ಮಲ್ಲಿ ಮಾತ್ರ ಹಿಂಗೆ ಅಂತಲ್ಲ, ಅಮೆರಿಕದ ಶಾರ್ಲಟ್ ಏರ್‌ಪೋರ್ಟಲ್ಲಿ ಕ್ಯಾನ್ಸರ್ ಗೆದ್ದು ಬಂದ ಒಬ್ಬ ಗಗನಸಖಿಗೆ ಕೃತಕ ಸ್ತನ ತೆಗೆದು ತೋರಿಸೋ ಹಂಗೆ ಮಾಡಿದ್ದು 2010ರಲ್ಲಿ ಅಲ್ಲಿ ದೊಡ್ಡ ರಾದ್ಧಾಂತ ಆಗಿತ್ತು. ಅಲ್ಲೀಗ ಒಂದು ಕಾರ್ಡು ಇದೆ, ನಿಮ್ಮ ತೊಂದರೆ ಏನು ಅಂತ ಅದರಲ್ಲಿ ಬರೆದು ಬಾಯಿ ಬಿಡದೇ ಕೈಗೆ ಕೊಡಬಹುದು. ಕಾರ್ಡು ಕೊಟ್ಟರೆ ತಪಾಸಣೆ ತಪ್ಪಲ್ಲ, ಲೈನಲ್ಲಿ ನಿಂತು ವಿವರಿಸೋದು ತಪ್ಪತ್ತೆ.

ಮನೆ ಗ್ರೂಪಲ್ಲಿ ಒಬ್ಬ ತಮ್ಮ "ಡಿಜಿಯಾತ್ರಾ ಮಾಡ್ಕೊಂಡಿದ್ರೆ ಹಿಂಗಾಗ್ತಿರ್ಲಿಲ್ಲ" ಅಂತ ಮೆಸೇಜ್ ಹಾಕಿದ. ಡಿಜಿಯಾತ್ರಾ ಮುಖ ನೋಡಿ ಗೇಟು ತೆರೆಯೋದು ಅಷ್ಟೇ, ಮೈ ತಪಾಸಣೆಗೂ ಅದಕ್ಕೂ ಸಂಬಂಧ ಇಲ್ಲ. 2022ರ ಡಿಸೆಂಬರಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಗಿದ್ದು, ಐಚ್ಛಿಕ, ವಿಮಾನ ಹೋದ 24 ಗಂಟೆಯಲ್ಲಿ ಏರ್‌ಪೋರ್ಟಿನ ಸಿಸ್ಟಮ್ಮಿಂದ ಡೇಟಾ ಅಳಿಸ್ತೀವಿ ಅಂತಾರೆ. ಅದರ ಮೇಲೆ ವಾದ ಮಾಡೋದು ತುಂಬಾ ಇದೆ, ಅದು ಮುಖದ ಖಾಸಗಿತನ, ಇದು ಮೈದು. ಇನ್ನೊಬ್ಬ ಬಾಡಿ ಸ್ಕ್ಯಾನರ್ ಬಂದ್ರೆ ಸರಿಹೋಗತ್ತೆ ಅಂದ. ಅದೂ ಪೂರ್ತಿ ನಿಜ ಅಲ್ಲ. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್ ವಿಮಾನದಲ್ಲಿ ಒಬ್ಬ ಒಳಚಡ್ಡಿಯಲ್ಲಿ ಬಾಂಬ್ ಇಟ್ಕೊಂಡು ಸಿಕ್ಕಿಬಿದ್ದ ಮೇಲೆ ಸ್ಕ್ಯಾನರ್ ಭರಾಟೆ ಶುರುವಾಯ್ತು, ಮೊದಮೊದಲು ಬಂದ ಮಷೀನಲ್ಲಿ ಬಟ್ಟೆ ಇಲ್ಲದ ಮೈ ಥರನೇ ಚಿತ್ರ ಕಾಣೋದು, ಜನ ಕೂಗಾಡಿದ್ಮೇಲೆ 2013ರಲ್ಲಿ ಅಂಥವನ್ನ ಅಮೆರಿಕದ ಏರ್‌ಪೋರ್ಟಿಂದ ತೆಗೆದ್ರು. ಈಗಿನವು ಗೊಂಬೆ ಚಿತ್ರದ ಮೇಲೆ ಅನುಮಾನದ ಜಾಗಕ್ಕೆ ಒಂದು ಚೌಕ ಹಾಕಿ ತೋರಿಸ್ತಾವೆ. ದೊಡ್ಡಾಯಿ ಅದರೊಳಗೆ ನಿಂತಿದ್ರೂ ಎಡ ಎದೆ ಮೇಲೆ ಚೌಕ ಬರ್ತಿತ್ತು. ಆಮೇಲೆ ಅದೇ ಪರದೆ, ಅದೇ ಪ್ರಶ್ನೆ.

ವಾಪಸ್ ಬರೋವಾಗ ತಯಾರಿ ಮಾಡ್ಕೊಂಡ್ವಿ. ಅಕ್ಕ ಪಿನ್ನು ಎರಡೂ ತೆಗೆದು ಬಟ್ಟೆ ಲಾಡಿ ಹೊಲಿದುಕೊಟ್ಟಳು. ಡಾಕ್ಟರ ಪತ್ರದ ಪ್ರಿಂಟ್ ಒಂದು, ಅದರ ಜೊತೆ ಭಾವ ಹಿಂದಿಯಲ್ಲಿ ಮೂರು ಸಾಲಿನ ಚೀಟಿ ಬರೆದ್ರು: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿದೆ, ಒಳಗೆ ಬಟ್ಟೆ ಮತ್ತು ಸಾಸಿವೆಯ ಪ್ಯಾಡ್ ಇದೆ, ದಯವಿಟ್ಟು ಕೋಣೆಯಲ್ಲಿ ತಪಾಸಣೆ ಮಾಡಿ. ದೊಡ್ಡಾಯಿ ಆ ಚೀಟಿನ ಬೋರ್ಡಿಂಗ್ ಪಾಸಿನ ಹಿಂದೆ ಇಟ್ಟು ಮಡಚಿ ಹಿಡ್ಕೊಂಡಿದ್ಲು, ದೇವಸ್ಥಾನದಲ್ಲಿ ಪ್ರಸಾದ ಹಿಡ್ಕೊಂಡಂಗೆ. ಮಷೀನು ಈ ಸಲ ಎದೆ ಹತ್ರ ಕೂಗ್ಲಿಲ್ಲ, ಬಳೆಗೆ ಕೂಗ್ತು ಅಷ್ಟೇ. ಆದ್ರೂ ಅವಳು ಚೀಟಿ ಮುಂದೆ ಮಾಡಿದ್ಲು. ಅಲ್ಲಿನ ಹುಡುಗಿ ಓದಿ, ಮಡಚಿ ವಾಪಸ್ ಕೈಲಿಟ್ಟು, ಪರದೆ ತುದಿ ತನಕ ಎಳೆದು, ಒಂದು ಮಾತೂ ಆಡದೇ ಒಳ ಕೋಣೆಗೆ ಕೈ ತೋರಿಸಿದ್ಲು. ಕಡ್ಡಿ, ಬಿಳಿ ಪಟ್ಟಿ, ಹಸಿರು, ಮುಗೀತು.

ನಿಮ್ಮ ಮನೇಲಿ ಇಂಥೋರು ಇದ್ರೆ ಇಷ್ಟು ಮಾಡಿ: ಡಾಕ್ಟರ ಪತ್ರ ಕೈಚೀಲದಲ್ಲೇ ಇರಲಿ, ಲೋಹದ ಪಿನ್ನು ಹುಕ್ಕು ಬೇಡ, ಪರದೆ ಒಳಗೆ ಹೋಗೋಕೆ ಮೊದಲೇ ಬೇರೆ ಕೋಣೆ ಬೇಕು ಅಂತ ಕೇಳಿ, ಪೇಸ್‌ಮೇಕರ್ ಇರೋರು ಅದರ ಕಾರ್ಡ್ ತೋರಿಸಿ, ಕೈ ಡಿಟೆಕ್ಟರನ್ನ ಅದರ ಮೇಲೆ ಹಿಡ್ಕೊಂಡೇ ಇರಬೇಡಿ ಅಂತ ಹೇಳಿ. ಇದನ್ನೆಲ್ಲ ಬರೀವಾಗ ನನಗೆ ಒಳಗೊಳಗೇ ಕಿರಿಕಿರಿ ಆಗತ್ತೆ, ಯಾಕಂದ್ರೆ ಎಲ್ಲ ಭಾರನೂ ಹಾಯ್ದು ಹೋಗೋರ ತಲೆ ಮೇಲೇ. ಹಿಂದಿ ಚೀಟಿ ಬರೆಯೋ ಭಾವ ಎಲ್ಲರಿಗೂ ಇರ್ತಾರಾ? ಕನ್ನಡದಲ್ಲಿ, ಕೊಂಕಣಿಯಲ್ಲಿ, ಹಿಂದಿಯಲ್ಲಿ ಒಂದು ಕಾರ್ಡ್ ಅಚ್ಚು ಹಾಕಿ ಚೆಕ್ ಇನ್ ಕೌಂಟರಲ್ಲಿ ಇಡೋಕೆ ಎಷ್ಟು ಖರ್ಚು? ಪರದೆ ಪೂರ್ತಿ ಎಳೆಯೋಕೆ ಅದೂ ಇಲ್ಲ.

ಊರಿಗೆ ಬಂದ ವಾರಕ್ಕೆ ಆ ಅಡಿಕೆಯೋರ ಹೆಂಡತಿ ಬಂದ್ರು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಸುಮ್ನೆ. ಚಾ ಕುಡಿದ್ರು, ಉಪನಯನದ ಫೋಟೋ ನೋಡಿದ್ರು, ಆ ವಿಷಯ ಒಂದು ಸಲನೂ ಎತ್ತಲಿಲ್ಲ. ಎರಡು ಸಲ ಕಣ್ಣು ಮಾತ್ರ ದೊಡ್ಡಾಯಿಯ ಸೆರಗಿನ ಕಡೆ ಹೋಗಿ ಬಂತು. ಅವರು ಗೇಟು ದಾಟಿದ ಮೇಲೆ ದೊಡ್ಡಾಯಿ ಲೋಟ ತೊಳೀತಾ ಹೇಳಿದ್ಲು, "ಮುಟ್ಟಿದ್ದಕ್ಕೆ ಬೇಜಾರಿಲ್ಲೆ ಕೂಸೇ, ಆಸ್ಪತ್ರೆಲಿ ಮುಟ್ಟದ್ದೆ ಬಿಟ್ಟೋರು ಯಾರಿದ್ದ? ಕೂಗಿದ್ದೇ ಬೇಜಾರು."

ದೂರು ಕೊಡೋಣ ಅಂತ ನಾನು ಕೂತೆ. ವಿಮಾನ ಪ್ರಯಾಣಿಕರ ದೂರಿಗೆ ಅಂತ ಸರ್ಕಾರ ಮಾಡಿರೋ ಏರ್‌ಸೇವಾದಲ್ಲಿ ಹಾಕಬಹುದು, ಮೇಲ್ ಕೂಡ ಮಾಡಬಹುದು. ಪೂರ್ತಿ ಟೈಪ್ ಮಾಡಿದೆ: ದಿನಾಂಕ, ಹೊತ್ತು, ವಿಮಾನದ ನಂಬರು, ಪಿಎನ್ಆರ್, ಪ್ರಯಾಣಿಕರ ಹೆಸರು, ಆಪರೇಷನ್ ಯಾವುದು, ಯಾವ ಬದಿ, ಚೀಲದೊಳಗೆ ಏನಿತ್ತು. ಅದನ್ನ ಹೇಳದೇ ಇದ್ರೆ ದೂರೇ ಅರ್ಥ ಆಗಲ್ಲ. ಓದಿ ಹೇಳಿದೆ. ದೊಡ್ಡಾಯಿ ಹಪ್ಪಳದ ಹಿಟ್ಟಿನ ಕೈ ಹಂಗೇ ಹಿಡ್ಕೊಂಡು ಕೇಳಿದ್ಲು, "ಆ ಕಾಗದ ಅಲ್ಲಿ ಯಾರ್ಯಾರು ಓದ್ತ?"

ನನಗೆ ಗೊತ್ತಿರಲಿಲ್ಲ. ಮೇಲು ಇನ್ನೂ ಡ್ರಾಫ್ಟಲ್ಲೇ ಇದೆ.